ಹೆಂಗಸರ ಕಡಲು

ಆಗಸ್ಟ್ 3, ಬುಧವಾರ

ಸಾಗುಮರದ ಹಿಟ್ಟು ತೊಳೆದು ಈಗ ಬಂದೆ. ಸೊಂಟ ಬಿದ್ದುಹೋಗಿದೆ. ಮರದ ತಿರುಳನ್ನು ನೀರಲ್ಲಿ ಹಿಂಡಿ, ಆ ನೀರನ್ನು ತೊಟ್ಟಿಗೆ ಬಿಟ್ಟು ಸುಮ್ಮನೆ ಕೂರಬೇಕು. ಹಿಟ್ಟು ತಾನಾಗಿ ತಳ ಸೇರುತ್ತದೆ. ಅವಸರಪಟ್ಟು ಕೈಯಾಡಿಸಿದರೆ ಎಲ್ಲ ನೀರಿನ ಜೊತೆ ಹೋಯಿತು. ಪ್ರಾರ್ಥನೆಯೂ ಹೀಗೇ ಅಲ್ಲವೆ... ಮಾಡಿದ ಮೇಲೆ ಕೈಯಾಡಿಸುವ ಚಟ ನನಗೆ. ಭಾನುವಾರ ಚರ್ಚಿನಲ್ಲಿ ಸಾಕ್ಷಿ ಹೇಳಲು ಇದು ಆಗುತ್ತದೆ.

ಸಲೋಮಿನಾಗೆ ಹೇಳಿದೆ. ನಕ್ಕಳು. "ಓರ್ಪಾ ಅಕ್ಕ, ನೀನು ಪಾತ್ರೆ ತಿಕ್ಕಿದ್ರೂ ಅದ್ರಲ್ಲೊಂದು ಪ್ರಸಂಗ ಸಿಗುತ್ತೆ. ನಮಗೆ ಮಸಿ ಒಂದೇ ಸಿಗೋದು."

ನಗಲಿ. ನವೆಂಬರ್ ಏಳಕ್ಕೆ ಯಾರು ನಗುತ್ತಾರೆ ನೋಡೋಣ. ಅಂದು ಸಾಸಿ ತೆಗೆಯುತ್ತೇವೆ, ನಮ್ಮ ಕಡಲಿಗೆ ಹಾಕಿದ ನಿಷೇಧ.

ಎರಡು ವರ್ಷವಾಯಿತು. ಚರ್ಚಿನ ಸಭೆಯವರು ನಮ್ಮ ಹೆಂಗಸರ ಸಂಘಕ್ಕೆ ಒಂದು ತುಂಡು ಕಡಲು ಕೊಟ್ಟರು. ಎಂಥದ್ದು ಕೊಟ್ಟರು? ಹಿಂದೆ ಹೊರಗಿನ ದೋಣಿಗಳು ಬಾಂಬು ಹಾಕಿ ಮೀನು ಹಿಡಿದು ಪುಡಿ ಮಾಡಿಹೋದ ಹವಳದ ದಿಬ್ಬ. ಪಾಸ್ಟರಮ್ಮ ಚರ್ಚಿನಲ್ಲಿ ನಿಂತು, ಕರಿಬಂಡೆಯಿಂದ ಓರೆ ಬಾದಾಮಿ ಮರದವರೆಗೆ ಅಂತ ಗಡಿ ಹೇಳಿ, ಪ್ರಾರ್ಥಿಸಿ ಅದನ್ನು ಮುಚ್ಚಿದರು. ಮುಚ್ಚಿದ ಮೇಲೆ ಅದು ದೇವರ ಪಾಲು. ಯಾರೂ ಬಲೆ ಹಾಕುವಂತಿಲ್ಲ, ಮುಳುಗಿ ನೋಡುವಂತಿಲ್ಲ. ನಾವೂ ಕೂಡ.

ತೆಗೆದ ದಿನ ಬರಿಗೈಯಲ್ಲಿ ಮೇಲೆ ಬಂದರೆ ದಿಬ್ಬ ಗಂಡಸರಿಗೆ ವಾಪಸ್. ಇದು ಕೊರ್ನೆಲಿಸ್ ಭಾವನ ಷರತ್ತು. ನನ್ನ ಗಂಡನ ಅಣ್ಣ, ಸಭೆಯ ಹಿರಿಯ, ಊರಿನ ಮೀನುಗಾರರಿಗೆಲ್ಲ ಯಜಮಾನ. "ಹೆಂಗಸರ ಕಡಲು" ಎಂದು ಹೆಸರಿಟ್ಟವನೂ ಅವನೇ. ಹೇಳುವಾಗ ತುಟಿ ಒಂದು ಕಡೆ ಎಳೆಯುತ್ತಾನೆ.

ಆಗಸ್ಟ್ 11

ತೆಂಕಣ ಗಾಳಿ. ಒಲೆ ಹಚ್ಚಲು ಬಿಡಲಿಲ್ಲ. ಸಂಜೆ ಇಳಿದ ಮೇಲೆ ದಡಕ್ಕೆ ಹೋದೆ.

ಬಾದಾಮಿ ಮರ ಇಲ್ಲ. ಬೇರು, ಮಣ್ಣು, ದಡ ಎಲ್ಲ ಸೇರಿಸಿ ಕಡಲು ಎಳೆದುಕೊಂಡಿದೆ. ಬುಡದ ಗುರುತು ಕೂಡ ಇಲ್ಲ.

ಕರ್ತನೇ, ಗಾಳಿ ನಿನ್ನದು, ಮರವೂ ನಿನ್ನದು. ನಿನ್ನ ಗುರುತನ್ನು ನೀನೇ ಕಿತ್ತರೆ ನಾನೇನು ಹೇಳಲಿ? ಸಿಟ್ಟು ಬಂದಿದೆ. ಬಂದಿದೆ ಅಂತಲೇ ಬರೆಯುತ್ತೇನೆ.

ಆಗಸ್ಟ್ 14, ಭಾನುವಾರ

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಭಾವ ಅಡಿಕೆ ಜಗಿಯುತ್ತಾ ನಿಂತಿದ್ದ. ಸುತ್ತ ಗಂಡಸರು.

"ಪ್ರಾರ್ಥನೇಲಿ ಮರ ಅಂದಿದ್ರು. ಮರ ಹೋಯ್ತು. ಅಂದ್ಮೇಲೆ ಗಡಿನೂ ಹೋಯ್ತು. ನಾನೇನು ಮಾಡ್ಲಿ?"

"ಮರ ಎಲ್ಲಿತ್ತು ಅಂತ ಇಡೀ ಊರಿಗೆ ಗೊತ್ತು ಭಾವ."

"ಹಾಗಾದ್ರೆ ತೋರ್ಸು. ನೀರಲ್ಲಿ ಗೆರೆ ಎಳಿ, ನೋಡ್ತೀನಿ."

ಎಲ್ಲ ನಕ್ಕರು. ನನ್ನ ಗಂಡ ನಾತಾನ್ ಕೂಡ. ಮನೆಗೆ ಬಂದ ಮೇಲೆ ಅವನಿಗೆ ಬಡಿಸಲಿಲ್ಲ. ತಾನೇ ಹಾಕಿಕೊಂಡು ಉಂಡ.

ಪಾಸ್ಟರಮ್ಮ ಹೆರಿಗೆಗೆಂದು ಸೊರೊಂಗ್ ಪಟ್ಟಣಕ್ಕೆ ಹೋಗಿದ್ದಾರೆ. ಬರುವುದು ಅಕ್ಟೋಬರಿಗೆ. ಹೊಸ ಗುರುತು ಇಟ್ಟು ಪ್ರಾರ್ಥಿಸಲು ಯಾರೂ ಇಲ್ಲ.

ಆಗಸ್ಟ್ 17

ಬಿದಿರಿನ ಗಳ ನೆಟ್ಟೆವು. ಅಲೆ ಒಯ್ದಿತು. ಇನ್ನೊಂದು ನೆಟ್ಟೆವು. ಅದೂ ಹೋಯಿತು. ಭಾವನ ದೋಣಿ ಬೆಳಿಗ್ಗೆಯಿಂದ ಸರಿಯಾಗಿ ಗೆರೆಯ ಮೇಲೇ ನಿಂತಿದೆ, ಬೇಕಂತಲೇ.

ಸಲೋಮಿನಾ ಅತ್ತಳು. ಅವಳು ವಿಧವೆ. ಗಂಡ ಸತ್ತ ಮೇಲೆ ಯಾವ ದೋಣಿಯವರೂ ಅವಳಿಗೆ ಪಾಲು ಕೊಡಲಿಲ್ಲ. ಅವಳ ಪಾಲಿಗೆ ಕಡಲು ಅಂತ ಇರುವುದು ಇದೊಂದೇ ತುಂಡು. "ಗಳ ನಿಲ್ಲಲ್ಲ ಅಕ್ಕ. ಏನು ನೆಟ್ರೂ ನಿಲ್ಲಲ್ಲ."

ನನ್ನ ಬಾಯಿಂದ ಬಂತು, ಎಲ್ಲಿಂದ ಬಂತೋ. "ಗಳ ನಿಲ್ಲದಿದ್ರೆ ನಾವು ನಿಲ್ಲೋಣ."

ಆಗಸ್ಟ್ 30. ಮಧ್ಯಾಹ್ನ, ದೋಣಿಯಲ್ಲಿ

ನಾನೀಗ ಮರ.

ಕಲ್ಲು ಕಟ್ಟಿ ದೋಣಿ ನಿಲ್ಲಿಸಿದ್ದೇವೆ, ಮರದಿಂದ ನೇರ ಬರುತ್ತಿದ್ದ ಗೆರೆಯ ಮೇಲೆ. ಇಬ್ಬಿಬ್ಬರ ಸರದಿ, ಬೆಳಗಿನಿಂದ ಕತ್ತಲಾಗುವ ತನಕ. ಚಾಪೆ ಹೆಣೆಯುತ್ತೇವೆ. ಮಕ್ಕಳ ಅಂಗಿಗೆ ಗುಂಡಿ ಹಾಕುತ್ತೇವೆ. ಕ್ರಿಸ್ಮಸ್ಸಿನ ಹಾಡು ಈಗಲೇ ಕಲಿಯುತ್ತಿದ್ದೇವೆ. ಸಲೋಮಿನಾ ಶ್ರುತಿ ಬಿಡುತ್ತಾಳೆ, ಬೈದರೆ ಇನ್ನೂ ಬಿಡುತ್ತಾಳೆ. ಬಿಸಿಲಿಗೆ ಚರ್ಚಿನ ದೊಡ್ಡ ಕೊಡೆ.

ಭಾವ ದಿನಾ ಹಾಯುತ್ತಾನೆ. "ಏನ್ ಓರ್ಪಾ, ಬೇರು ಬಿಟ್ಟಿತಾ?"

"ಕಾಯಿ ಬಿಟ್ಟಾಗ ಹೇಳ್ತೀನಿ ಹೋಗಿ ಭಾವ."

ಆಮೇಲೆ ನಮ್ಮ ದೋಣಿಯಿಂದ ಒಂದು ಹುಟ್ಟಿನ ದೂರದಲ್ಲಿ, ಹೊರಗಡೆ, ಗಾಳ ಬಿಟ್ಟು ಕೂರುತ್ತಾನೆ. ಇಷ್ಟು ದೊಡ್ಡ ಕಡಲಿದೆ. ಅವನಿಗೆ ಇಲ್ಲೇ ಆಗಬೇಕು.

ಇವತ್ತಿನ ಪಾಠ: ಗುರುತು ಬಿದ್ದರೆ ಮಾತು ಬೀಳುವುದಿಲ್ಲ, ಮಾತು ಕೊಟ್ಟವರು ನಿಂತಿದ್ದರೆ. ಚೆನ್ನಾಗಿದೆ. ನನಗೇ ಖುಷಿಯಾಯಿತು.

ಸೆಪ್ಟೆಂಬರ್ 12

ಬೆನ್ನ ಚರ್ಮ ಸುಲಿದಿದೆ. ಪಾಠ ಗೀಠ ಏನಿಲ್ಲ.

ಕತ್ತಲಾದ ಮೇಲೆ ಭಾವ ಗೆರೆಯ ಒಳಗೆ ಬರುತ್ತಾನೆ, ನನಗೆ ಅನುಮಾನವೇ ಇಲ್ಲ. ಹಾಗಾಗಿ ಪ್ರಾರ್ಥಿಸಿದೆ — ಕರ್ತನೇ, ಅವನ ಇಂಜಿನ್ ಕೆಡಲಿ. ಜ್ವರ ಬರಲಿ ಅನ್ನಲಿಲ್ಲ, ಕೈಕಾಲು ಬೀಳಲಿ ಅನ್ನಲಿಲ್ಲ. ಇಂಜಿನ್ ಅಷ್ಟೇ. ಪಾಪವಿದ್ದರೂ ಅರ್ಧ ಪಾಪ.

ಸೆಪ್ಟೆಂಬರ್ 14

ಇಂಜಿನ್ ಕೆಟ್ಟಿತು.

ನೀರಿಳಿತದ ಹೊತ್ತು. ಸೆಳೆತ ಭಾವನ ದೋಣಿಯನ್ನು ದಡ ತಿರುಗುವ ಮೂಲೆಯ ಆಚೆಗೆ ಎಳೆಯುತ್ತಿತ್ತು. ಆಚೆ ಬರೀ ತೆರೆದ ಕಡಲು. ಹಗ್ಗ ಎಳೆದು ಎಳೆದು ನೋಡುತ್ತಿದ್ದ, ಇಂಜಿನ್ ಕೆಮ್ಮುತ್ತಿತ್ತು. ಹತ್ತಿರ ಇದ್ದದ್ದು ನಾವಿಬ್ಬರೇ.

ಸಲೋಮಿನಾ ನನ್ನ ಮುಖ ನೋಡಿದಳು. ನಾನು ಆಕಾಶ ನೋಡಿದೆ. ಬೇಡಿದ್ದನ್ನು ಇಷ್ಟು ಚುರುಕಾಗಿ ಯಾವತ್ತು ಕೊಟ್ಟಿದ್ದೆ ಸ್ವಾಮಿ ನೀನು? ಕೊಟ್ಟು, ಎಳೆಯುವ ಕೆಲಸ ನನ್ನ ತಲೆಗೇ ಕಟ್ಟಿದೆ.

ಕಲ್ಲು ಎತ್ತಿದೆವು. ಹುಟ್ಟು ಹಾಕಿದೆವು. ಹಗ್ಗ ಎಸೆದೆ.

"ನೀನ್ಯಾಕೆ ಬಂದೆ? ಗಡಿ ಯಾರು ಕಾಯ್ತಾರೆ?"

"ಗಡಿ ಎಲ್ಲೂ ಓಡಿಹೋಗಲ್ಲ ಭಾವ. ಓಡಿಹೋಗ್ತಿರೋದು ನೀವು."

ದಡ ಮುಟ್ಟುವಷ್ಟರಲ್ಲಿ ಅಂಗೈಯಲ್ಲಿ ಗುಳ್ಳೆ. ದೋಣಿ ಮೇಲೆ ಎಳೆಯುವಾಗ ಅವನ ಟಾರ್ಪಾಲು ಜಾರಿತು. ಕೆಳಗೆ ಮೀನು. ನನ್ನ ತೋಳುದ್ದದ ಬಂಡೆಮೀನು, ದಪ್ಪ ತುಟಿಯವು, ದೋಣಿ ತುಂಬಾ. ಅಂಥದ್ದನ್ನು ನಾನು ಮದುವೆಯಾಗಿ ಬಂದ ಕಾಲದಲ್ಲಿ ನೋಡಿದ್ದು. ಸರಕ್ಕನೆ ಮುಚ್ಚಿದ. ನಾನು ನೋಡಿದ್ದನ್ನು ಅವನೂ ನೋಡಿದ.

ಸೆಪ್ಟೆಂಬರ್ 18, ಭಾನುವಾರ

ಸಾಕ್ಷಿ ಹೇಳುವ ಹೊತ್ತಿಗೆ ಎದ್ದೆ. ಸಾಗುವಿನ ಪಾಠ ಹೇಳಲಿಲ್ಲ.

"ತೋಳುದ್ದದ ಬಂಡೆಮೀನು ಹೊರಗೆ ಯಾರಿಗಾದ್ರೂ ಸಿಕ್ಕಿದೆಯಾ? ಕೈ ಎತ್ತಿ. ಇಲ್ಲ. ಕೊರ್ನೆಲಿಸ್ ಭಾವನ ದೋಣಿ ತುಂಬಾ ಇತ್ತು. ದೇವರ ಪಾಲಿಗೆ ಕೈ ಹಾಕಿದ್ದಾರೆ."

ಭಾವ ನಿಧಾನಕ್ಕೆ ಎದ್ದ. "ಗೆರೆ ಹೊರಗೆ ಹಿಡಿದಿದ್ದು. ಒಳಗೆ ಒಂದು ಗಾಳನೂ ಬಿಟ್ಟಿಲ್ಲ."

"ಯಾವ ಗೆರೆ? ಮರದ ಜೊತೆ ಗೆರೆ ಹೋಯ್ತು ಅಂದೋರು ನೀವೇ ಅಲ್ವಾ?"

ಹೆಂಗಸರ ಬೆಂಚುಗಳಲ್ಲಿ ನಗು. ಗಂಡಸರೂ ನಕ್ಕರು, ಈ ಸಲ ಅವನಿಗೆ. ಟೋಪಿ ತೆಗೆದುಕೊಂಡು ಹೊರಗೆ ಹೋದ. ಸ್ತೋತ್ರಗೀತೆಗೂ ನಿಲ್ಲಲಿಲ್ಲ.

ಗೆದ್ದೆ. ಮನೆಗೆ ಬಂದು ಊಟಕ್ಕಿಟ್ಟೆ. ನಾತಾನ್ ತಟ್ಟೆ ನೋಡುತ್ತಾ ಹೇಳಿದ. "ಅಣ್ಣ ಮೊಂಡ. ಬಾಯಿ ಕೆಟ್ಟದ್ದು. ಆದ್ರೆ ಸುಳ್ಳು ಹೇಳಿದ್ದು ನಾನು ಕಂಡಿಲ್ಲ ಓರ್ಪಾ."

ಬಾಯಿ ಮುಚ್ಚಿಕೊಂಡು ಉಣ್ಣು ಎಂದೆ.

ಅಕ್ಟೋಬರ್ 22

ಒಂದು ತಿಂಗಳ ಮೇಲಾಯಿತು ಬರೆಯದೆ. ಬರೆಯಲು ಪಾಠ ಸಿಗಲಿಲ್ಲ. ಸಾಗು ತೊಳೆದರೆ ಸಾಗು, ಪಾತ್ರೆ ತಿಕ್ಕಿದರೆ ಮಸಿ.

ಭಾವ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಆದರೂ ಅದೇ ಜಾಗಕ್ಕೆ ಬಂದು, ಬೆನ್ನು ಹಾಕಿ, ಗಾಳ ಬಿಡುತ್ತಾನೆ. ಬೇರು ಬಿಟ್ಟಿತಾ ಎಂದು ಕೇಳುವುದಿಲ್ಲ. ಕೇಳಿದರೆ ಚೆನ್ನಾಗಿತ್ತು.

ಪಾಸ್ಟರಮ್ಮ ಬಂದರು, ಹೆಣ್ಣು ಕೂಸು ಎತ್ತಿಕೊಂಡು. ಎಲ್ಲ ಕೇಳಿಸಿಕೊಂಡರು. "ಗುರುತು ಬೇಡ, ನಿಮ್ಮ ದೋಣಿಯೇ ಸಾಕು, ಇನ್ನೆರಡು ವಾರ ತಾನೆ" ಎಂದರು. ಭಾವನ ವಿಷಯ ಬಂದಾಗ ಕೂಸನ್ನು ನನ್ನ ಕೈಗೆ ಕೊಟ್ಟರು. ಅದು ನನ್ನ ಬೆರಳು ಹಿಡಿದುಕೊಂಡಿತು, ಬಿಡಲಿಲ್ಲ.

ನವೆಂಬರ್ 5

ಮುಳುಗುವಾಗ ಹಾಕುವ ಗಾಗಲ್ಸ್ ಕೈಯಲ್ಲೇ ಇದೆ. ದೋಣಿಯಿಂದ ಬಗ್ಗಿ ಮುಖ ಅದ್ದಿದರೆ ಸಾಕು, ಕೆಳಗೆ ಏನಿದೆ ಗೊತ್ತಾಗುತ್ತದೆ. ಎರಡು ವರ್ಷ ತಡೆದವಳು ಎರಡು ದಿನ ತಡೆಯಲಾರದೆ ಒದ್ದಾಡುತ್ತಿದ್ದೇನೆ.

ಏನೂ ಇಲ್ಲದಿದ್ದರೆ? ಬರೀ ಹವಳದ ಪುಡಿ? ಸಲೋಮಿನಾ ಏನು ಮಾಡುತ್ತಾಳೆ? ಹೆಂಗಸರಿಗೆ ಇನ್ನೊಮ್ಮೆ ಯಾರು ಕೊಡುತ್ತಾರೆ?

ನೋಡಲಿಲ್ಲ. ತೊಟ್ಟಿಯಲ್ಲಿ ಕೈಯಾಡಿಸಲಿಲ್ಲ. ಗಾಗಲ್ಸನ್ನು ಸಲೋಮಿನಾಗೆ ಕೊಟ್ಟು, ನಾನು ಕೇಳಿದರೂ ಕೊಡಬೇಡ ಎಂದೆ. ಆಮೇಲೆ ಎರಡು ಸಲ ಕೇಳಿದೆ. ಕೊಡಲಿಲ್ಲ, ಪುಣ್ಯಾತ್ಗಿತ್ತಿ.

ನವೆಂಬರ್ 7, ಸೋಮವಾರ. ಸಂಜೆ

ಬೆರಳು ನೀರಲ್ಲಿ ನೆನೆದು ಸುಕ್ಕಾಗಿವೆ. ಅಕ್ಷರ ಸೊಟ್ಟಗಾದರೆ ಆಗಲಿ.

ಬೆಳಿಗ್ಗೆ ಪಾಸ್ಟರಮ್ಮ ಪ್ರಾರ್ಥಿಸಿ ಸಾಸಿ ತೆಗೆದರು. ಊರಿಗೆ ಊರೇ ದಡದಲ್ಲಿ. ಮೊದಲು ಮುಳುಗಿದ್ದು ಸಲೋಮಿನಾ. ನೀರು ಮುಚ್ಚಿಕೊಂಡಿತು. ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಉಸಿರು ಕಟ್ಟಿ ನಿಂತಿದ್ದೆ, ಮುಳುಗಿದವಳು ನಾನೇ ಅನ್ನುವ ಹಾಗೆ.

ತಲೆ ಮೇಲೆ ಬಂತು. ಆಮೇಲೆ ಎರಡು ಕೈ. ಎರಡರಲ್ಲೂ ಲಾಬ್‌ಸ್ಟರ್, ಮೀಸೆ ಝಾಡಿಸುತ್ತಾ. ಅಳುತ್ತಿದ್ದಳೋ ನಗುತ್ತಿದ್ದಳೋ.

ಎಲ್ಲರೂ ಹಾರಿದೆವು. ಕರ್ತನಿಗೆ ಸ್ತೋತ್ರ, ಕರ್ತನಿಗೆ ಸ್ತೋತ್ರ. ಆ ಪುಡಿಪುಡಿ ದಿಬ್ಬದ ಮೇಲೆ ಹೊಸ ಹವಳ ಚಿಗುರಿದೆ, ಕೈಬೆರಳಿನಷ್ಟು, ಕೆಂಪು, ನೇರಳೆ. ಸಂದಿ ಸಂದಿಯಲ್ಲಿ ಕಡಲಸೌತೆ, ಪೇಟೆಯಲ್ಲಿ ಒಳ್ಳೆ ಬೆಲೆಗೆ ಹೋಗುವ ಆ ಉದ್ದನೆ ಜೀವಿಗಳು, ಕೊಬ್ಬಿ ಬಿದ್ದುಕೊಂಡಿವೆ. ಬುಟ್ಟಿ ತುಂಬಿತು, ಇನ್ನೊಂದು ತುಂಬಿತು. ಮೇಲೆ ಬಂದಾಗಲೆಲ್ಲ ದಡದಲ್ಲಿ ಕೂಗು ಕೇಳಿಸುತ್ತಿತ್ತು. ಗಂಡಸರ ಕೂಗೇ ಹೆಚ್ಚು. ನಾತಾನ್ ಅಂಗಿ ಬಿಚ್ಚಿ ಗಾಳಿಯಲ್ಲಿ ಬೀಸುತ್ತಿದ್ದ. ಮಾನ ಕಳೆದ.

ಇನ್ನೊಂದು ಬರೆಯಬೇಕು. ಗೆರೆಯ ಹತ್ತಿರ ಮುಳುಗಿದ್ದೆ. ಬಂಡೆಮೀನಿನ ಹಿಂಡು ಬಂತು. ಅದೇ ದಪ್ಪ ತುಟಿ, ಅದೇ ತೋಳುದ್ದ. ನನ್ನ ಪಕ್ಕದಲ್ಲೇ ಹಾದು, ನಮ್ಮ ದೋಣಿಯ ಕೆಳಗೆ ನುಸುಳಿ, ಆಚೆ ಹೋದವು. ಆಚೆ ಭಾವನ ದೋಣಿಯ ತಳ ಕಾಣುತ್ತಿತ್ತು. ಸೀದಾ ಅಲ್ಲಿಗೆ.

ಮೀನಿಗೇನು ಗೊತ್ತು ನಮ್ಮ ಗಡಿ. ಒಳಗೆ ತುಂಬಿದ್ದು ಹೊರಗೆ ಹರಿದಿದೆ, ಅಷ್ಟೇ. ಅವನು ಹೇಳಿದ್ದು ನಿಜ. ನಾವು ದೇವರಿಗೆ ಇಟ್ಟದ್ದನ್ನು ದೇವರು ತೆಗೆದು ನನ್ನ ವೈರಿಗೆ ದಿನಾ ಬಡಿಸುತ್ತಿದ್ದ. ನಾನು ಪಕ್ಕದಲ್ಲೇ ಕೂತು ಕಾವಲು ಕಾಯುತ್ತಿದ್ದೆ, ಇಂಜಿನ್ ಕೆಡಲಿ ಎಂದು ಬೇಡುತ್ತಾ.

ದಡಕ್ಕೆ ಬಂದೆ. ಭಾವನೂ ದೋಣಿ ದಡಕ್ಕೆ ತಂದಿದ್ದ. ಒದ್ದೆಮುದ್ದೆಯಾದ ಬಟ್ಟೆಯಲ್ಲೇ, ಎಲ್ಲರ ಎದುರು ನಿಂತೆ. ಎಲ್ಲರ ಎದುರಲ್ಲವೆ ಕಳ್ಳ ಅಂದದ್ದು.

"ಭಾವ, ನಿಮ್ಮನ್ನ ಕಳ್ಳ ಅಂದೆ. ತಪ್ಪಾಯ್ತು. ಮೀನು ತಾವಾಗೇ ಬರ್ತಿದ್ವು, ಈಗ ಕಣ್ಣಾರೆ ಕಂಡೆ. ದೇವರು—"

"ಸಾಕು ಬಿಡು. ಪ್ರಸಂಗ ಶುರು ಮಾಡ್ಬೇಡ."

ಬುಟ್ಟಿಗಳ ಸಾಲು ನೋಡಿದ. ಕಡಲು ನೋಡಿದ. ಅಡಿಕೆ ಉಗುಳಿದ. "ನನಗೆ ಆಗಸ್ಟಲ್ಲೇ ಗೊತ್ತಾಗಿತ್ತು ಒಳಗೆ ತುಂಬಿದೆ ಅಂತ. ಹೇಳಿದ್ರೆ ಎಲ್ಲರೂ ಬಂದು ಅಲ್ಲೇ ಗಾಳ ಬಿಡ್ತಿದ್ರು." ಬಾಯಿ ಒರೆಸಿಕೊಂಡು, "ನಿನ್ನ ಎದುರು ಒಪ್ಕೊಳ್ಳೋಕೂ ಆಗ್ಲಿಲ್ಲ" ಎಂದ.

ಪಾಸ್ಟರಮ್ಮ ಕೇಳಿದರು. "ಈಗ ಹೇಳಿ ಹಿರಿಯರೇ. ದಿಬ್ಬ ಯಾರದ್ದು?"

ಭಾವ ನನ್ನ ಕಡೆ ತಿರುಗಿದ. ತುಟಿ ಎಳೆಯಲಿಲ್ಲ.

"ಓರ್ಪಾ, ಮತ್ತೆ ಯಾವಾಗ ಮುಚ್ತೀರಿ?"

ಊರೆಲ್ಲ ಕೇಳಿಸಿಕೊಂಡಿತು. ಸಲೋಮಿನಾ ನನ್ನ ಕೈ ಹಿಸುಕಿದಳು, ಇನ್ನೂ ನೋಯುತ್ತಿದೆ.

ನವೆಂಬರ್ 20, ಭಾನುವಾರ. ದಡದಲ್ಲಿ

ಇವತ್ತು ಮುಚ್ಚುತ್ತೇವೆ. ಸಲೋಮಿನಾ ತನ್ನ ಪಾಲಿಗೆ ಬಂದ ಹಣದಲ್ಲಿ ಸ್ವಂತಕ್ಕೊಂದು ದೋಣಿ ಮಾಡಿಕೊಡಲು ಹೇಳಿದ್ದಾಳೆ.

ಭಾವ ಕಾಡಿನಿಂದ ಕಬ್ಬಿಣಮರದ ಕಂಬ ತಂದಿದ್ದಾನೆ. ತನ್ನ ನಾಲ್ಕು ಜನರ ಜೊತೆ ಎದೆಮಟ್ಟದ ನೀರಿನಲ್ಲಿ ನಿಂತು, ಬುಡಕ್ಕೆ ಕಲ್ಲು ತುಂಬಿ ನೆಡುತ್ತಿದ್ದಾನೆ. ಪಾಸ್ಟರಮ್ಮ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಕಾಯುತ್ತಿದ್ದಾರೆ. ಇವತ್ತಿನ ಸಾಕ್ಷಿಗೆ ಪಾಠವೇನು ಎಂದು ಕೇಳಿದರು. ಏನೂ ಇಲ್ಲ ಪಾಸ್ಟರಮ್ಮ, ಕಡಲಿದೆಯಲ್ಲ ನೋಡಿ, ಎಂದೆ.

ಭಾವ ಅಲ್ಲಿಂದ ಕೂಗುತ್ತಿದ್ದಾನೆ. "ಓರ್ಪಾ, ಗೆರೆಗೆ ಸರಿ ಇದೆಯಾ ನೋಡು."

ಸರಿಯಾಗಿಯೇ ಇದೆ. ಆದರೂ ಹೇಳಿದೆ, "ಇನ್ನೂ ಸ್ವಲ್ಪ ಆಚೆಗೆ ಭಾವ."

ನನ್ನನ್ನೇ ನೋಡಿದ. ನನಗೆ ಗೊತ್ತು, ಅವನಿಗೂ ಗೊತ್ತು. ಗೊಣಗಿದ. ಕಲ್ಲು ತೆಗೆಸಿದ. ಕಂಬ ಆಚೆಗೆ ಇಡುತ್ತಿದ್ದಾನೆ, ತನ್ನ ಕಡೆಗೆ, ಒಂದು ಮಾರು.

"ಬರೆದಿದ್ದು ಸಾಕು, ಬಂದು ಕಂಬ ಹಿಡ್ಕೋ, ಮರ ಆಗಿ ಅಭ್ಯಾಸ ಇದೆಯಲ್ಲ ನಿನಗೆ" ಅಂತಿದ್ದಾನೆ. ಬಂದೆ ಇರಿ ಭಾವ, ಇದೊಂದು ಸಾಲು—