ನನ್ನ ‘ಒಲ್ಲೆ’ ನಾನೇ ಹೇಳುತ್ತೇನೆ, ಮಾವ

ಪ್ರೀತಿಯ ಓಬುಳೇಶ್ ಮಾವನಿಗೆ,

ಹಿಂದೂಪುರದಿಂದ ನಿನ್ನ ಅಕ್ಕನ ಮಗಳು ಹರಿತಾ ಮಾಡುವ ನಮಸ್ಕಾರ. ಫೋನ್ ಮಾಡಿದರೆ ನೀನು “ಸರಿ ಬುಡಮ್ಮ, ಅಂಗಡೀಲಿ ಜನ ಅವ್ರೆ” ಎಂದು ಕಟ್ ಮಾಡುತ್ತೀಯ. ಅದಕ್ಕೇ ಈ ಕಾಗದ. ಪಾವಗಡದ ಹಾಸ್ಟೆಲಿನಲ್ಲಿದ್ದು ಕಲಿತ ಕನ್ನಡ ನಿನಗಿನ್ನೂ ಮರೆತಿಲ್ಲ ಎಂದು ನಂಬಿದ್ದೇನೆ. ಕಲ್ಯಾಣದುರ್ಗದ ಅಂಗಡಿಯಲ್ಲಿ ಸುಟ್ಟ ಮೋಟರಿಗೆ ತಂತಿ ಸುತ್ತುತ್ತಾ ಓದಬೇಡ. ಒಂದು ಟೀ ತರಿಸಿಕೊಂಡು ನಿಧಾನವಾಗಿ ಓದು.

ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ನನಗೆ ಸಂಶೋಧನೆಗೆ ಸೀಟು ಸಿಕ್ಕಿದ್ದು ನಿನಗೆ ಗೊತ್ತು. ಏನು ಓದಲು ಹೋಗುತ್ತಿದ್ದೇನೆ ಎಂಬುದನ್ನು ಮಾತ್ರ ಸರಿಯಾಗಿ ಹೇಳಿಲ್ಲ. ಇಂಗ್ಲೆಂಡಿನ ಹಳೆಯ ನಾಟಕಗಳು, ನಾನೂರು, ಆರುನೂರು ವರ್ಷಗಳ ಹಿಂದಿನವು. ಎಂ.ಎ. ಸೇರಿದಾಗ ನೀನು ಕೇಳಿದ್ದೆ: “ಇಂಗ್ಲಿಷ್ನೋರೇ ಮರ್ತುಬುಟ್ಟಿರೋ ಇಂಗ್ಲಿಷ್ನ ನೀನ್ಯಾಕೆ ಓದ್ತೀಯ ಕಣಮ್ಮ?” ಮೊದಲ ತಿಂಗಳು ನನಗೂ ಹಾಗೇ ಅನ್ನಿಸಿತ್ತು. ಪುಟ ತೆರೆದರೆ ಒಂದಕ್ಷರ ತಲೆಗೆ ಹತ್ತುತ್ತಿರಲಿಲ್ಲ. ಕಣ್ಣಲ್ಲಿ ಓದಬೇಡಿ, ಬಾಯಿ ಬಿಟ್ಟು ಓದಿ ಎಂದರು ನಮ್ಮ ಮೇಡಂ. ಹಾಸ್ಟೆಲಿನ ತಾರಸಿಯ ಮೇಲೆ, ಬಟ್ಟೆ ಒಣಹಾಕುವ ಹಗ್ಗಗಳ ನಡುವೆ ನಿಂತು ಗಟ್ಟಿಯಾಗಿ ಓದಿದೆ. ಪಕ್ಕದ ಮನೆಯವರು ನನಗೆ ಗಾಳಿ ಹಿಡಿದಿದೆ ಎಂದುಕೊಂಡರು. ಆದರೆ ಪದಗಳು ಒಂದೊಂದಾಗಿ ಗುರುತು ಸಿಕ್ಕತೊಡಗಿದವು. ಆ ಕಾಲದ ಊರುಗಳಲ್ಲಿ ಬಡಗಿಗಳು, ಮೊಳೆ ಮಾಡುವವರು, ಬ್ರೆಡ್ಡು ಸುಡುವವರು ತಂತಮ್ಮ ಗುಂಪು ಕಟ್ಟಿಕೊಂಡು ಗಾಡಿಯ ಮೇಲೆ ನಾಟಕ ಆಡುತ್ತಿದ್ದರಂತೆ. ನೀನಿದ್ದಿದ್ದರೆ ಮೋಟರ್ ಸುತ್ತುವವರದೂ ಒಂದು ಗಾಡಿ ಇರುತ್ತಿತ್ತು ಬಿಡು.

ಈಗ ಭಾನುವಾರದ ಮಾತಿಗೆ ಬರುತ್ತೇನೆ. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನವೇ ಅಜ್ಜಿ ಉಡುಸಲಮ್ಮ “ಇವ್ಳು ನಮ್ ಓಬುಳೇಶನಿಗೇ” ಎಂದು ಎಲ್ಲರಿಗೂ ಎಲೆ ಅಡಿಕೆ ಕೊಟ್ಟುಬಿಟ್ಟಳು. ಅಕ್ಕನ ಮಗಳ ಮೇಲೆ ಸೋದರಮಾವನಿಗೇ ಮೊದಲ ಹಕ್ಕು, ನಮ್ಮವರ ಲೆಕ್ಕದಲ್ಲಿ. ದೊಡ್ಡವನಾದ ಮೇಲೂ ನೀನು ಬೇರೆಲ್ಲೂ ಹೆಣ್ಣು ನೋಡಲಿಲ್ಲ. ನನ್ನನ್ನೂ ಏನೂ ಕೇಳಲಿಲ್ಲ. ಸೀಟು ಸಿಕ್ಕಿದ್ದೇ ತಡ, ಮದುವೆ ಮಾಡಿಕೊಂಡೇ ಹೋಗಲಿ ಎಂದು ಅಮ್ಮ ಹಟ ಹಿಡಿದಳು. ಬರುವ ಭಾನುವಾರ ಕಂಬದೂರಿನ ಅಜ್ಜಿ ಮನೆಯಲ್ಲಿ ಹಿರಿಯರು ಕೂತು ದಿನ ಗೊತ್ತು ಮಾಡುತ್ತಾರೆ.

ನನಗೆ ಈ ಮದುವೆ ಬೇಡವೆಂದು ಬಾಯಿಬಿಟ್ಟು ಹೇಳದೆಯೇ ನಿನಗೆ ತಿಳಿಯಿತು. ಹೋದ ವಾರ ಇಲ್ಲೇ ಪಕ್ಕದ ಪರಿಗಿಗೆ ಮೋಟರ್ ಕೊಡಲು ಬಂದವನು ಹಿಂದೂಪುರದ ಬಸ್ ಸ್ಟ್ಯಾಂಡಿಗೆ ನನ್ನನ್ನು ಕರೆಸಿ, ಕಬ್ಬಿನ ಹಾಲು ಕೊಡಿಸಿ ಹೇಳಿದೆ: “ಭಾನ್ವಾರ ನಾನೇ ಬ್ಯಾಡ ಅಂದ್ಬುಡ್ತೀನಿ ಕಣಮ್ಮ. ಗಂಡ್ಸು ಬ್ಯಾಡ ಅಂದ್ರೆ ಅಲ್ಲಿಗೆ ಮುಗೀತು. ನಿನ್ನ ಯಾರೂ ಬೈಯಾಕಿಲ್ಲ. ಏಂ ಪರ್ವಾಲೇದು, ಏನೂ ಪರ್ವಾಗಿಲ್ಲ, ನೀನು ಓದ್ಕ ಹೋಗು.” ನಾನು ಸರಿ ಎಂದು ತಲೆಯಾಡಿಸಿದೆ. ನಿನ್ನ ಬಸ್ಸು ಹೊರಟ ಮೇಲೆ ಅಲ್ಲೇ ನಿಂತು ಅತ್ತುಬಿಟ್ಟೆ. ನಿನ್ನಷ್ಟು ಒಳ್ಳೆಯವರನ್ನು ನಾನು ಕಂಡಿಲ್ಲ, ಮಾವ.

ಆದರೂ ಹಾಗೆ ಮಾಡಬೇಡ. ಇಷ್ಟು ವರ್ಷ ಕಾಯಿಸಿ ಕೈಬಿಟ್ಟ ಎಂದು ಊರು ನಿನ್ನನ್ನು ಆಡಿಕೊಳ್ಳುತ್ತದೆ, ಹುಡುಗಿಯಲ್ಲೇ ಏನೋ ಐಬಿರಬೇಕು ಎಂದು ನನ್ನನ್ನೂ. ಅದನ್ನೆಲ್ಲ ಹೇಗೋ ಸಹಿಸಬಹುದು. ನನಗೆ ಸಹಿಸಲಾಗದ್ದು ಬೇರೆ. ನಾನು ಓದುವ ನಾಟಕಗಳ ಕಾಲದಲ್ಲಿ ಹೆಂಗಸರು ರಂಗ ಹತ್ತುವಂತಿರಲಿಲ್ಲ. ರಾಣಿಯ ಗೋಳು, ಅಪ್ಪನಿಗೆ ಎದುರಾಡುವ ಮಗಳ ಸಿಟ್ಟು ಎಲ್ಲವೂ ಮೀಸೆ ಮೂಡದ ಹುಡುಗರ ಬಾಯಲ್ಲಿ. ನಗಬೇಡ, ನಮ್ಮೂರ ನಾಟಕದಲ್ಲಿ ಅಮ್ಮನ ರೇಷ್ಮೆ ಸೀರೆ ಉಟ್ಟು ರಾಣಿಯಾದವನು ನೀನೇ. ನಿನ್ನ ಅಳು ನೋಡಿ ಅಜ್ಜಿಯೇ ಕಣ್ಣೊರೆಸಿಕೊಂಡಿದ್ದಳು. ಹೆಣ್ಣುಪಾತ್ರ ಮಾಡುತ್ತಿದ್ದ ಇಂಗ್ಲೆಂಡಿನ ಆ ಹುಡುಗರ ಬಗ್ಗೆಯೇ ನನ್ನ ಸಂಶೋಧನೆ. ಅದನ್ನು ಓದಲು ಹೊರಟವಳು ತನ್ನ ಸ್ವಂತ ಮಾತನ್ನು ಇನ್ನೊಬ್ಬರ ಬಾಯಿಗೆ ಬಿಟ್ಟು ಹೋದರೆ ಆ ಓದು ಯಾರಿಗೆ ಬೇಕು?

ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಅಡ್ಡಗೋಡೆಯ ಮೇಲೆ ದೀಪ ಇಡುವುದು ನನಗೆ ಬಾರದು. ನಾನು ಮಾವನನ್ನು ಮದುವೆಯಾಗುವುದಿಲ್ಲ, ಓದಲು ಹೋಗುತ್ತೇನೆ ಎಂದು ಎಲ್ಲರ ಮುಂದೆ ಹೇಳುತ್ತೇನೆ. ಅಜ್ಜಿ ಅಳುತ್ತಾಳೆ. “ಮಾವನಾಗೆ ಏನಮ್ಮ ಕೊರ್ತೆ?” ಎಂದು ಹಿರಿಯ ವೆಂಕಟರಾಯಪ್ಪನವರು ಕೇಳುತ್ತಾರೆ. ಏನೂ ಕೊರತೆಯಿಲ್ಲ ಎನ್ನುತ್ತೇನೆ, ನಿಜವೂ ಅದೇ. ನೀನು ಎದ್ದು ನಿಂತು ನನ್ನನ್ನು ಕಾಪಾಡಲು ಬರಬೇಡ. ತಲೆ ತಗ್ಗಿಸಿಯೂ ಕೂರಬೇಡ.

ಇನ್ನೊಂದು ಮಾತಿದೆ. ತೊಟ್ಟಿಲಿನಲ್ಲಿದ್ದ ನನ್ನನ್ನು ಯಾರೂ ಕೇಳಲಿಲ್ಲ, ಸರಿ. ಚಡ್ಡಿ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದ ನಿನ್ನನ್ನು ಕೇಳಿದವರು ಯಾರು? ನಿನಗೆ ಆಸೆ ಇತ್ತೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ನನ್ನ ಮಾತು ಮುಗಿದ ಮೇಲೆ ನಿನ್ನದನ್ನು ನೀನು ಹೇಳು. ನೋವಾಗಿದ್ದರೆ ನೋವಾಗಿದೆ ಎಂದೇ ಹೇಳು, ನನ್ನ ಮುಖ ನೋಡಿ ಬದಲಾಯಿಸಬೇಡ. ನಾನು ಓಡಿಹೋಗುವುದಿಲ್ಲ, ಎದುರಿಗೆ ಕೂತು ಪೂರ್ತಿ ಕೇಳಿಸಿಕೊಳ್ಳುತ್ತೇನೆ.

ನಿನ್ನನ್ನು ಕೇಳಿ, ತಾನೂ ಒಪ್ಪಿ ಬರುವವಳು ನಿನ್ನ ಮನೆ ತುಂಬಲಿ.

ನೀನು ಎತ್ತಿ ಆಡಿಸಿದ ಅಕ್ಕನ ಮಗಳು,
ಹರಿತಾ