ಅಂಗೈ ಎತ್ತಿ ಕೊಟ್ಟ ಪರವಾನಗಿ

ಪ್ರಾಂತೀಯ ಚಾಲನಾ ಪರವಾನಗಿ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ಪರವಾನಗಿ ರದ್ದಾಗಿದ್ದ ಕಾಲದಲ್ಲಿ ಕಾರು ಓಡಿಸಿದನೆಂದು ಕಳೆದ ತಿಂಗಳು ತಮ್ಮ ಕಚೇರಿಯಲ್ಲೇ ಸಿಕ್ಕಿಬಿದ್ದ ಕುಬಾತ್ ನನ್ನ ವಿದ್ಯಾರ್ಥಿ. ಅವನು ಮತ್ತೆಂದೂ ಚಾಲನಾ ಪರೀಕ್ಷೆಗೆ ಕೂರದಂತೆ ಮಾಡಬೇಕೆಂದು ತಾವು ನ್ಯಾಯಾಲಯಕ್ಕೆ ಶಿಫಾರಸು ಬರೆದಿದ್ದೀರಿ. ಅವನು ತಪ್ಪು ಮಾಡಿದ್ದಾನೆ. ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಆ ಶಿಫಾರಸಿನಲ್ಲಿ ತಪ್ಪಿತಸ್ಥನ ಹೆಸರು ಒಂದೇ ಇದೆ, ಅದೇ ನನ್ನ ದೂರು. ಮೊದಲು ಇರಬೇಕಾಗಿದ್ದ ಹೆಸರು ನನ್ನದು. ಅದರ ಪಕ್ಕದಲ್ಲಿ ತಮ್ಮ ಇಲಾಖೆಯದೂ ಇರಬೇಕಿತ್ತು.

ಸಾರಿ-ಬೆಲ್ ಕಣಿವೆಯ ವೃತ್ತಿ ಶಾಲೆಯಲ್ಲಿ ನಾನು ಚಾಲನೆ ಕಲಿಸುತ್ತೇನೆ. ಈ ಕಣಿವೆಯಲ್ಲಿ ಸ್ಟಿಯರಿಂಗ್ ಹಿಡಿದವರಲ್ಲಿ ನನ್ನ ಬೈಗುಳ ತಿನ್ನದವರು ಅಪರೂಪ. ಕುಬಾತ್ ನನಗೆ ಸಿಕ್ಕ ಅತ್ಯುತ್ತಮ ಶಿಷ್ಯ. ಗಾಡಿ ಹತ್ತುವ ಮುನ್ನ ಚಕ್ರಗಳನ್ನು ಬಗ್ಗಿ ನೋಡುವ ಹುಡುಗರು ಎಷ್ಟು ಮಂದಿ ಸಿಗುತ್ತಾರೆ? ನಮ್ಮ ಚಿಕಿತ್ಸಾಲಯದ ಆಂಬ್ಯುಲೆನ್ಸಿನ ಮುದಿ ಚಾಲಕ ಈ ಚಳಿಗಾಲಕ್ಕೆ ನಿವೃತ್ತನಾಗುತ್ತಾನೆ. ಆ ಆಸನವನ್ನು ದಾದಿ ಬುರುಲ್ ಕುಬಾತನಿಗೆಂದೇ ಕಾದಿಟ್ಟಿದ್ದಳು. 'ಪರೀಕ್ಷೆ ಪಾಸ್ ಮಾಡ್ಕೊಂಡು ಬಾ ಸಾಕು, ಬೇರೆ ಯಾರನ್ನೂ ನಾನು ನೋಡಲ್ಲ' ಎಂದಿದ್ದಳು.

ಅವನು ಪರವಾನಗಿ ಕಳೆದುಕೊಂಡದ್ದು ಕಿಮಿಜ್‌ನಿಂದ. ಬೇಸಿಗೆಯ ಹುಲ್ಲುಗಾವಲಿಗೆ ನೆಂಟರನ್ನು ಬಿಡಲು ಹೋದವನಿಗೆ ಗುಡಾರದ ಯಜಮಾನಿ ಆ ಹುಳಿಹಿಡಿದ ಕುದುರೆ ಹಾಲನ್ನು ಬಟ್ಟಲ ಮೇಲೆ ಬಟ್ಟಲು ಸುರಿದಳು. ಬೇಡವೆಂದರೆ ಮನೆಗೇ ಅವಮಾನ. ಇಳಿದು ಬರುವಾಗ ತಮ್ಮ ಗಸ್ತಿನವರ ಯಂತ್ರಕ್ಕೆ ಊದಿದ, ಯಂತ್ರಕ್ಕೆ ಮುಲಾಜಿಲ್ಲ. 'ಹಾಲು ಕುಡಿದವನಿಗೂ ಶಿಕ್ಷೆಯಾ? ಹಂಗಾದ್ರೆ ನಮ್ಮ ತೊಟ್ಟಿಲ ಮಕ್ಕಳನ್ನೆಲ್ಲ ಜೈಲಿಗೆ ಹಾಕ್ಲಿ' ಎಂದು ಊರೆಲ್ಲ ನಕ್ಕಿತು. ನಾನು ನಗಲಿಲ್ಲ. ಹಾಲಿನಿಂದ ಏರಿದರೂ ಅಮಲು ಅಮಲೇ. ಆ ಶಿಕ್ಷೆ ನ್ಯಾಯವಾಗಿತ್ತು. ಅವನು ಅದನ್ನು ಅನುಭವಿಸಿದ. ಅವಧಿ ಮುಗಿದ ಮೇಲೆ ಮತ್ತೆ ಪರೀಕ್ಷೆ ಪಾಸಾಗುವ ತನಕ ಓಡಿಸಬಾರದೆಂಬುದು ನಿಯಮ. ಪರೀಕ್ಷೆ ನಡೆಯುವುದು ಕಣಿವೆಯಾಚೆ, ತಮ್ಮ ಪಟ್ಟಣದಲ್ಲಿ, ಸೋಮವಾರ ಮಾತ್ರ. ಸೋಮವಾರ ನಮ್ಮಲ್ಲಿಂದ ಬಸ್ಸಿಲ್ಲ. ಇಂಥ ದಿನವನ್ನು ಆರಿಸಿದ ಮಹನೀಯರು ನಕಾಶೆಯಲ್ಲಾದರೂ ನಮ್ಮ ಘಾಟಿಯನ್ನು ನೋಡಿದ್ದರೇ? ಅಥವಾ ಪರವಾನಗಿ ಇಲ್ಲದವರು ಕುದುರೆಯ ಮೇಲೆ ಬರಲಿ ಎಂಬ ಉದಾತ್ತ ಆಶಯವೇ?

ಇನ್ನು ನನ್ನ ಪಾಲು.

ಪರೀಕ್ಷೆಯ ಹಿಂದಿನ ದಿನ ಕುಬಾತ್ ನನ್ನ ಮನೆಗೆ ಬಂದ. ಊರಿನ ಹಿರಿಯ ಕದಿರ್ ಅಜ್ಜ ಚಹಾ ಕುಡಿಯುತ್ತ ಅಲ್ಲೇ ಕೂತಿದ್ದರು.

'ಮೇಷ್ಟ್ರೇ, ನಾಳೆ ನೀವು ಬರ್ತೀರಾ? ನೀವು ಓಡ್ಸಿ, ನಾನು ಪಕ್ಕದಲ್ಲಿ ಕೂತ್ಕೋತೀನಿ.'

ಅವನು ಕೇಳಿದ್ದು ಸರಿಯಾಗಿತ್ತು. ಪರವಾನಗಿ ನನ್ನ ಜೇಬಿನಲ್ಲಿತ್ತು. ಆದರೆ ಮರುದಿನ ಬೀಗರ ಮನೆಯಲ್ಲಿ ಔತಣ. ಕುರಿಯ ತಲೆಯನ್ನು ನನ್ನ ಮುಂದೆ ಇಡುವವರಿದ್ದರು. ಅಂಥ ಗೌರವವನ್ನು ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ.

'ನೀನೇ ಹೋಗಪ್ಪಾ. ಹಳೇ ದಾರಿ, ಪಳಗಿದ ಕೈ' ಎಂದೆ.

ಅವನು ನೆಲ ನೋಡಿದ. 'ಲೈಸೆನ್ಸ್ ಇಲ್ವಲ್ಲ ಮೇಷ್ಟ್ರೇ.'

'ಕಾಗದ ತಾನೇ ಸಾಹೇಬ್ರು ಕಿತ್ಕೊಂಡಿದ್ದು?' ಎಂದರು ಅಜ್ಜ. 'ಹಿರಿಯರ ಬಾತಾನ ಯಾವ ಸಾಹೇಬ ಕಿತ್ಕೋತಾನೆ? ಕೊಡಿ ಮೇಷ್ಟ್ರೇ ಬಾತಾ. ನಂಗೂ ಕಣ್ಣಿನ ಡಾಕ್ಟ್ರ ಹತ್ರ ಹೋಗೋದಿದೆ, ಅವನ ಜತೇಲೇ ಹೋಗ್ತೀನಿ.'

ಪಯಣ ಹೊರಟವರಿಗೆ ಹಿರಿಯರು ಅಂಗೈ ಎತ್ತಿ ಬಾತಾ ಕೊಟ್ಟು ಹರಸುವುದು, ಎಲ್ಲರೂ ತಂತಮ್ಮ ಅಂಗೈಯಿಂದ ಮುಖ ಸವರಿಕೊಳ್ಳುವುದು ನಮ್ಮ ಕಿರ್ಗಿಜರಲ್ಲಿ ಉಸಿರಾಟದಷ್ಟೇ ಸಹಜ. ನಾನು ಅಂಗೈ ಎತ್ತಿದೆ. ದಾರಿ ತೆರೆದಿರಲಿ ಎಂದೆ. ರಸ್ತೆಯ ನಿಯಮಗಳನ್ನು ಹುಡುಗರಿಗೆ ಬಾಯಿಪಾಠ ಮಾಡಿಸುವ ನಾನು, ಒಂದು ಕುರಿತಲೆಯ ಆಸೆಗೆ, ನಮ್ಮ ಹಿರಿಯರ ಹರಕೆಯನ್ನು ಕಳ್ಳ ಪರವಾನಗಿ ಮಾಡಿ ಅವನ ಕೈಗಿಟ್ಟೆ. ಹರಸಿದ ಮೇಲೆ ಬೇಡವೆನ್ನುವುದು ಅವನಿಗೆ ಸಾಧ್ಯವೇ ಇರಲಿಲ್ಲ. ಅದು ನನಗೆ ಗೊತ್ತಿತ್ತು.

ಮುಂದಿನದನ್ನು ಅಜ್ಜನ ಮತ್ತು ಕುಬಾತನ ಬಾಯಿಂದ ಕೇಳಿದ್ದೇನೆ. ಘಾಟಿಯ ಬುಡದಲ್ಲಿ ತಮ್ಮ ಗಸ್ತಿನ ಪೊಲೀಸ್ ಕೈ ಅಡ್ಡ ಹಾಕಿದ. ಅಂದು ಕುಬಾತನನ್ನು ಊದಿಸಿದವನೇ ಅವನು.

'ಏನೋ ಕುಬಾತ್, ಪಟ್ಟಣಕ್ಕಾ? ಈ ಆಲೂಗಡ್ಡೆ ಚೀಲ ನಮ್ಮಕ್ಕನ ಮನೆಗೆ ಇಳಿಸ್ಬಿಡು.'

'ಅಣ್ಣಾ, ನನ್ನ ಲೈಸೆನ್ಸ್ ಇನ್ನೂ...'

'ಗೊತ್ತು ಮಾರಾಯ. ಅದನ್ನ ತರೋಕೇ ತಾನೇ ಹೋಗ್ತಿರೋದು? ಡಿಕ್ಕಿ ತೆಗಿ.'

ಮಾನ್ಯರೇ, ಕಾನೂನು ಆ ದಿನ ಘಾಟಿ ದಾಟಿತು. ಚೀಲದೊಳಗೆ ಮಣ್ಣು ಮೆತ್ತಿಕೊಂಡು, ಡಿಕ್ಕಿಯಲ್ಲಿ ಮಲಗಿಕೊಂಡು. ಆ ಚೀಲದ ಉಲ್ಲೇಖ ತಮ್ಮ ಶಿಫಾರಸಿನಲ್ಲಿ ಎಲ್ಲಿಯೂ ಇಲ್ಲ.

ಪರೀಕ್ಷೆಯ ಕೊಠಡಿಯಲ್ಲಿ ತಮ್ಮ ಪರೀಕ್ಷಕರು ಸಹಜವಾಗಿಯೇ ಕೇಳಿದರಂತೆ: 'ಸಾರಿ-ಬೆಲ್ಲಾ? ಇವತ್ತು ಬಸ್ಸಿಲ್ವಲ್ಲ. ಹೆಂಗೆ ಬಂದೆ?'

'ಕಾರಲ್ಲಿ ಸಾರ್.'

'ಯಾರು ಓಡ್ಸಿದ್ದು?'

'ನಾನೇ ಸಾರ್.'

ಕೊಠಡಿಯೆಲ್ಲ ನಕ್ಕಿತು. ಅಲ್ಲಿ ಕೂತವರು ತಾವೂ ಹಾಗೇ ಬಂದವರೆಂದು ಕಾಣುತ್ತದೆ. ಪರೀಕ್ಷಕರು ಪೆನ್ನು ಕೆಳಗಿಟ್ಟು ಹೇಳಿದರಂತೆ: 'ತಮ್ಮಾ, ಯಾರೋ ಪರಿಚಯದವ್ರು ಬಿಟ್ರು ಅಂತ ಹೇಳೋಕಾಗ್ತಿರ್ಲಿಲ್ವಾ?'

'ಮೇಷ್ಟ್ರು ಬಾತಾ ಕೊಟ್ಟು ಕಳ್ಸಿದಾರೆ ಸಾರ್. ಬಾತಾ ತಗೊಂಡವನು ದಾರೀಲಿ ಸುಳ್ಳು ಹೇಳ್ಬಾರ್ದು.'

ನನ್ನ ಹರಕೆಯನ್ನು ನನಗಿಂತ ಹೆಚ್ಚು ನಂಬಿದವನು ಅವನೊಬ್ಬನೇ. ಸುಳ್ಳು ಹೇಳಿದ್ದರೆ ಈ ಚಳಿಗಾಲಕ್ಕೆ ಅವನು ಆಂಬ್ಯುಲೆನ್ಸಿನ ಚಾಲಕನ ಆಸನದಲ್ಲಿ ಕೂರುತ್ತಿದ್ದ. ನಿಜ ಹೇಳಿದ್ದಕ್ಕೆ ಅವನ ಕಾರು ತಮ್ಮ ಅಂಗಳದಲ್ಲಿದೆ, ಬದುಕು ತಮ್ಮ ಕಡತದಲ್ಲಿದೆ. ಇದನ್ನು ನೋಡಿ ನನ್ನ ತರಗತಿಯ ಉಳಿದ ಹುಡುಗರು ಏನು ಕಲಿಯಬೇಕು? ನಿಯಮ ಪಾಲಿಸುವುದನ್ನೇ, ಅಥವಾ ಉತ್ತರ ಬದಲಿಸುವುದನ್ನೇ? ಅವರು ನನ್ನನ್ನು ಕೇಳಿಲ್ಲ. ಕೇಳದೆ ನನ್ನ ಮುಖ ನೋಡುತ್ತಾರೆ; ನಾನು ಕಪ್ಪುಹಲಗೆಯತ್ತ ತಿರುಗಿಕೊಳ್ಳುತ್ತೇನೆ.

ಮೊನ್ನೆ ಕದಿರ್ ಅಜ್ಜ ಮತ್ತೆ ಬಂದರು. ಕಣ್ಣಿನ ಔಷಧ ಮುಗಿದಿತ್ತು. ಶಾಲೆಯ ಮುಂದೆ, ಹುಡುಗರೆಲ್ಲರ ಎದುರಿಗೇ, ಮಗನ ಕಾರಿನ ಕೀಲಿಯನ್ನು ಕುಬಾತನ ಕಡೆ ಚಾಚಿದರು.

'ಇಲ್ಲ ಅಜ್ಜ. ನನ್ನ ಹತ್ರ ಲೈಸೆನ್ಸ್ ಇಲ್ಲ.'

'ನನ್ನ ಗಡ್ಡಕ್ಕೆ ಇಷ್ಟೇನಾ ಮರ್ಯಾದೆ?'

'ನಿಮ್ಮ ಗಡ್ಡ ನನ್ನ ತಲೆ ಮೇಲಿದೆ ಅಜ್ಜ. ಆದ್ರೂ ಓಡ್ಸಲ್ಲ.'

ಹಿರಿಯರಿಗೆ ಇಲ್ಲವೆಂದ ಮಾತನ್ನು ನಮ್ಮ ಕಣಿವೆಯಲ್ಲಿ ನಾನು ಅಂದೇ ಮೊದಲು ಕೇಳಿದ್ದು. ಅಜ್ಜ ನನ್ನತ್ತ ತಿರುಗಿದರು. 'ಹೇಳಿ ಮೇಷ್ಟ್ರೇ ಇವನಿಗೆ. ಇಲ್ಲಾಂದ್ರೆ ಇನ್ನೊಂದು ಬಾತಾ ಕೊಡಿ.'

ನಾನು ಅಂಗೈ ಎತ್ತಲಿಲ್ಲ. ಕೀಲಿ ಈಸಿಕೊಂಡು ಅಜ್ಜನನ್ನು ನಾನೇ ಕರೆದೊಯ್ದೆ. ಆ ಸೋಮವಾರ ನಾನು ಮಾಡಬೇಕಾಗಿದ್ದದ್ದೂ ಇಷ್ಟೇ ಸುಲಭವಾಗಿತ್ತು.

ಆದ್ದರಿಂದ ಮಾನ್ಯರೇ, ಕುಬಾತನಿಗೆ ಕ್ಷಮೆ ಬೇಡುತ್ತಿಲ್ಲ. ಓಡಿಸಿದ್ದಕ್ಕೆ ಹೊಸ ಅವಧಿಯ ಶಿಕ್ಷೆ ಕೊಡಿ, ಅವನು ನಡೆದಾಡಲಿ. ಜೀವಮಾನದ ನಿಷೇಧದ ಶಿಫಾರಸನ್ನು ವಿಚಾರಣೆಗೆ ಮುನ್ನ ಹಿಂತೆಗೆದುಕೊಳ್ಳಿ. ಸಿಕ್ಕಿಬಿದ್ದದ್ದು ಅವನದೇ ಸತ್ಯದಿಂದ ಎಂಬುದನ್ನು ಕಡತದಲ್ಲಿ ಬರೆಯಿರಿ. ನನ್ನ ಬೋಧಕ ಪ್ರಮಾಣಪತ್ರವನ್ನು ಪ್ರಶ್ನಿಸಲು ನನ್ನನ್ನೂ ಅದೇ ದಿನ ಕರೆಸಿ. ವರ್ಷಕ್ಕೊಮ್ಮೆ, ಘಾಟಿ ಹಿಮದಿಂದ ಮುಚ್ಚುವ ಮುನ್ನ, ಪರೀಕ್ಷಕರೊಬ್ಬರನ್ನು ನಮ್ಮ ಕಣಿವೆಗೆ ಕಳುಹಿಸಿ. ಮರಳುವಾಗ ಅವರ ಡಿಕ್ಕಿ ಖಾಲಿ ಹೋಗದಂತೆ ನೋಡಿಕೊಳ್ಳಲು ತಮ್ಮ ಗಸ್ತಿನವರಿದ್ದಾರೆ. ಆಂಬ್ಯುಲೆನ್ಸಿನ ಆಸನವನ್ನು ಇನ್ನೊಂದು ಚಳಿಗಾಲ ಮುದುಕನೇ ಕಾಯುತ್ತೇನೆಂದಿದ್ದಾನೆ. ಅದಕ್ಕಿಂತ ಹೆಚ್ಚು ಅವನ ಮಂಡಿಗಳು ಒಪ್ಪುವುದಿಲ್ಲ.

ಅಲ್ಲಿಯವರೆಗೆ ಪಯಣ ಹೊರಟವರು ನನ್ನ ಮುಂದೆ ನಿಂತರೆ, ಅಂಗೈ ಎತ್ತುವ ಮೊದಲು ಪರವಾನಗಿ ಕೇಳುತ್ತೇನೆ. ಊರು ನಗುತ್ತಿದೆ. ಕುಬಾತ್ ನಗುತ್ತಿಲ್ಲ.

ಇಂತಿ,
ಗಾಡಿ ಓಡಿಸುವುದನ್ನು ಕಲಿಸಿ, ನಿಲ್ಲಿಸುವುದನ್ನು ಶಿಷ್ಯನಿಂದ ಕಲಿತ
ಅಕ್ಮತ್ ಮೇಷ್ಟ್ರು
ವೃತ್ತಿ ಶಾಲೆ, ಸಾರಿ-ಬೆಲ್ ಕಣಿವೆ