ಸದಸ್ಯರ ಮನೆಗೆ ಕೊನೆಗೆ

ಅಕ್ಕಾ,

ಈ ಕಾಗದವನ್ನು ಕೂತು ಓದಿ. ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು, ನೋಯುವ ಕಾಲನ್ನು ಎತ್ತಿ ಹಿಡಿದು ನಿಂತು ಓದುವುದು ಬೇಡ. ಕ್ಲಬ್ಬಿನ ತೀರ್ಮಾನವೊಂದನ್ನು ನಿಮಗೆ ತಿಳಿಸಬೇಕಾಗಿದೆ. ಅದು ಕೊನೆಯಲ್ಲಿದೆ. ನಿಮ್ಮ ಅಭ್ಯಾಸದಂತೆ ಮೊದಲು ಕೊನೆಯ ಪುಟಕ್ಕೆ ಹಾರಿದರೆ ಕೋಪ ಬರುತ್ತದೆ, ಆಮೇಲೆ ಉಳಿದದ್ದನ್ನು ಓದುವುದಿಲ್ಲ. ಫೋನಿನಲ್ಲೇ ಹೇಳೋಣವೆಂದರೆ ನೀವು ಯಾವತ್ತು ನನಗೆ ಒಂದು ಮಾತು ಮುಗಿಸಲು ಬಿಟ್ಟಿದ್ದೀರಿ? ಈ ಮನೆಗೆ ಕಿರಿಯ ಸೊಸೆಯಾಗಿ ಬಂದಾಗಿನಿಂದ ನನ್ನ ಅರ್ಧ ಮಾತುಗಳನ್ನು ಓರಗಿತ್ತಿಯಾದ ನೀವೇ ಮುಗಿಸಿದ್ದೀರಿ.

ನೀವು ಬಚ್ಚಲಲ್ಲಿ ಜಾರಿ ಬಿದ್ದ ವಿಷಯ ನನಗೆ ಗೊತ್ತಾಗಿದ್ದೇ ತಡವಾಗಿ, ಅದೂ ನಿಮ್ಮ ಮಗಳಿಂದ. ಪಾಪ, ಕೆಲಸದ ನಡುವೆ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದ್ದಳು. “ಚಿಕ್ಕಮ್ಮಾ, ಅಮ್ಮ ಪ್ಲಾಸ್ಟಿಕ್ ಕುರ್ಚಿ ತಳ್ಕೊಂಡು ಮನೆಯೆಲ್ಲಾ ಓಡಾಡ್ತಿದ್ದಾಳೆ. ನಾನು ತಂದುಕೊಟ್ಟ ವಾಕರ್ ಎಲ್ಲಿ ಅಂತ ಕೇಳಿದ್ರೆ, ಕ್ಲಬ್ಬಿಗೆ ಕಳಿಸಿಬಿಟ್ಟೆ ಅಂತಾಳೆ. ಇನ್ನೊಂದು ಸಲ ಬಿದ್ರೆ ಏಳೋದು ಕಷ್ಟ ಅಂದಿದ್ದಾರೆ ಡಾಕ್ಟ್ರು. ನೀವಾದ್ರೂ ಹೇಳಿ.” ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಏಕೆಂದರೆ ಆ ವಾಕರ್ ನಮ್ಮ ಕ್ಲಬ್ಬಿನ ಕೋಣೆಯಲ್ಲೇ ನಿಂತಿತ್ತು, ಅಕ್ಕಾ. ಹಿಡಿಕೆಗೆ ನೀಲಿ ರಬ್ಬರು, ಮೈಗೆ ಅಂಗಡಿಯ ಪ್ಲಾಸ್ಟಿಕ್ ಹೊದಿಕೆ, ಬಿಚ್ಚಿಯೂ ಇರಲಿಲ್ಲ. ಯಾರೋ ಟ್ಯಾಕ್ಸಿಯವನ ಕೈಯಲ್ಲಿ ಕಳಿಸಿದ್ದರು. ನಾನು ಸಭೆಯಲ್ಲಿ ಎದ್ದು ನಿಂತು, ಹೆಸರು ಹೇಳಿಕೊಳ್ಳದೆ ದಾನ ಮಾಡಿದ ಆ ಪುಣ್ಯಾತ್ಮರಿಗೆ ಕ್ಲಬ್ಬಿನ ಪರವಾಗಿ ವಂದನೆ ಬೇರೆ ಸಲ್ಲಿಸಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹೊತ್ತಿಗೆ ಪುಣ್ಯಾತ್ಮರು ಕುರ್ಚಿ ತಳ್ಳಿಕೊಂಡು ಅಡುಗೆಮನೆಗೆ ಹೋಗುತ್ತಿದ್ದರು.

ನೀವು ಏಕೆ ಹಾಗೆ ಮಾಡಿದಿರಿ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕೋಣೆ ತುಂಬ ವಾಕರುಗಳಿರುವಾಗ ಮಗಳು ಹೊಸದನ್ನು ಕೊಂಡದ್ದು ನಿಮ್ಮ ಲೆಕ್ಕದಲ್ಲಿ ದಂಡ. ಕೋಣೆಯಿಂದ ಒಂದನ್ನು ತರಿಸಿಕೊಳ್ಳೋಣವೆಂದರೆ ‘ಸದಸ್ಯರ ಮನೆಗೆ ಕೊನೆಗೆ’ ಎಂಬ ನಿಯಮ, ಹೊರಗಿನವರಿಗೆ ಸಿಕ್ಕ ಮೇಲೆಯೇ ಸದಸ್ಯರಿಗೆ. ಇವತ್ತು ಯಾರೂ ಕೇಳದಿದ್ದರೂ ನಾಳೆ ಯಾರಾದರೂ ಬಂದೇ ಬರುತ್ತಾರೆ, ಅವರಿಗಿರಲಿ. ಊರು ಬಿಟ್ಟು ಮಗಳ ಮನೆ ಸೇರಿದ ಮೇಲೂ ನೀವು ನಮ್ಮ ಆಜೀವ ಸದಸ್ಯೆ, ಅಷ್ಟೇ ಸಾಕಲ್ಲ. ನಿಮ್ಮ ನಿಯಮ ನಿಮ್ಮ ಕಾಲಿಗೇ ಸುತ್ತಿಕೊಂಡಿದೆ.

ಆ ನಿಯಮ ಹುಟ್ಟಿದ ದಿನ ನಾನೂ ಆ ಕೋಣೆಯಲ್ಲಿದ್ದೆ. ಮಾವ ಸೊಂಟ ಮುರಿದುಕೊಂಡಾಗ ಒಂದು ವೀಲ್‌ಚೇರಿಗಾಗಿ ನೀವು ಬೀದಿ ಬೀದಿ ಅಲೆದು, ಆಮೇಲೆ ಆರು ಮನೆಯವರನ್ನು ಕೂಡಿಸಿ, ಇಂಥ ಸಾಮಾನನ್ನು ಬೇಕಾದವರಿಗೆ ಎರವಲು ಕೊಡುವ ಈ ಕ್ಲಬ್ ಕಟ್ಟಿದಿರಿ. ಮೊದಲು ಬಂದ ಒಂದೇ ಒಂದು ವೀಲ್‌ಚೇರನ್ನು ಆಗಿನ ಖಜಾಂಚಿಯ ಅತ್ತೆ ಸಂಜೆ ಹೊತ್ತು ಗಾಳಿಗೆ ಹೋಗಲು ಇಟ್ಟುಕೊಂಡರು, ಅತ್ತ ಹಿಂದಿನ ಬೀದಿಯಲ್ಲಿ ಒಬ್ಬ ತಂದೆ ಕಾಲಿಲ್ಲದ ಮಗಳನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಒಯ್ಯುತ್ತಿದ್ದ. ನೀವು ಕೆಂಡದಂತಾದಿರಿ. ಅವತ್ತೇ ನಿಯಮ ಬಂತು. ಅದು ಸರಿಯಾದ ನಿಯಮ ಎಂದು ನಾನು ಅಂದೂ ಅಂದುಕೊಂಡಿದ್ದೆ, ಇಂದೂ ಅಂದುಕೊಳ್ಳುತ್ತೇನೆ. ಆದರೂ ಅದರ ಮೇಲೆ ನನಗೆ ಹೊಟ್ಟೆಯೊಳಗೆ ಒಂದು ಉರಿ ಇದೆ. ಇಷ್ಟು ವರ್ಷ ಹೇಳಿಲ್ಲ, ಇವತ್ತು ಹೇಳುತ್ತೇನೆ.

ನನ್ನ ಅಮ್ಮ ಹಾಸಿಗೆ ಹಿಡಿದಾಗ ತಲೆ ಕಡೆ ಎತ್ತರವಿಲ್ಲದಿದ್ದರೆ ಉಸಿರಾಡಲು ಆಗುತ್ತಿರಲಿಲ್ಲ. ಹಿಡಿಕೆ ತಿರುಗಿಸಿದರೆ ತಲೆ ಮೇಲೇಳುವ ಮಂಚ ಕ್ಲಬ್ಬಿನಲ್ಲಿ ಒಂದು ಖಾಲಿ ಇತ್ತು. ಮೊದಲು ಕೇಳಿದವಳು ನಾನು. ಮಾರನೆಯ ದಿನ ಬೆನ್ನುಮೂಳೆ ಮುರಿದ ಬಸ್ ಡ್ರೈವರನ ಮನೆಯವರು ಬಂದರು. ನಾನು ಸದಸ್ಯೆ, ಮಂಚ ಅವರ ಮನೆಗೆ ಹೋಯಿತು. ನೀವು ಸಂಜೆ ನಮ್ಮ ಮನೆಗೆ ಬಂದಿರಿ, ಕೈಚೀಲದಲ್ಲಿ ಇಟ್ಟಿಗೆಗಳು. ತೊಳೆದು, ಒರೆಸಿ, ನೆಲಕ್ಕೆ ಗೀರು ಬೀಳಬಾರದೆಂದು ಹಳೆಯ ಬಟ್ಟೆ ಸುತ್ತಿ ತಂದಿದ್ದಿರಿ. ನೀವೇ ಬಗ್ಗಿ ಅಮ್ಮನ ಮಂಚದ ತಲೆ ಕಡೆಯ ಕಾಲುಗಳ ಕೆಳಗೆ ಇಟ್ಟು, ಮಂಚ ಅಲುಗುವುದಿಲ್ಲ ಎಂದು ಕೈಯಿಂದ ಒತ್ತಿ ನೋಡಿದಿರಿ. “ಇಷ್ಟು ಎತ್ತರ ಸಾಕಾ ನೋಡು” ಎಂದಿರಿ. ನಾನು ಸಾಕು ಎಂದೆ. ಸಾಕಾಗಿರಲಿಲ್ಲ, ಅಕ್ಕಾ. ಅಮ್ಮ ರಾತ್ರಿಯೆಲ್ಲ ಜಾರಿ ಜಾರಿ ಕೆಳಕ್ಕೆ ಬರುತ್ತಿದ್ದಳು, ನಾನು ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆಯುತ್ತಿದ್ದೆ. ಅವಳು ಹೋದದ್ದು ಆ ಇಟ್ಟಿಗೆಗಳ ಮೇಲೆಯೇ. ನಿಮ್ಮನ್ನು ನಾನು ಬಿಟ್ಟೂ ಕೊಡಲಿಲ್ಲ, ಕ್ಷಮಿಸಲೂ ಇಲ್ಲ. ಕ್ಲಬ್ಬಿಗೆ ಹೋಗುವುದನ್ನೂ ನಿಲ್ಲಿಸಲಿಲ್ಲ.

ನಿಲ್ಲಿಸಿದ್ದರೆ ಚೆನ್ನಾಗಿತ್ತು. ಈಗ ನೋಡಿ, ಹಣ್ಣುಗಾಯಿ ನೀರುಗಾಯಿ ಆಗಿದ್ದೇನೆ. ನಿಮ್ಮ ಇನ್ನೊಂದು ನಿಯಮ ಇದೆಯಲ್ಲ, ಹೇಳಿದವರೇ ಮಾಡಬೇಕು ಎನ್ನುವುದು, ಅದು ನನ್ನನ್ನು ಅರೆದು ಹಾಕಿದೆ. ನೀವು ಹೊರಟ ದಿನ “ಯಾರಾದ್ರೂ ಅಕ್ಕನ ಜಾಗಕ್ಕೆ ಬರಬೇಕಲ್ಲಾ” ಎಂದು ಬಾಯಿತಪ್ಪಿ ಅಂದವಳು ನಾನು. ಅಷ್ಟಕ್ಕೇ ಅಧ್ಯಕ್ಷೆಯಾದೆ. ಉಳಿದವರೆಲ್ಲ ಅಂದೇ ಪಾಠ ಕಲಿತು ಬಾಯಿಗೆ ಬೀಗ ಹಾಕಿಕೊಂಡರು. ಸಭೆ ಈಗಲೂ ವಿದ್ಯುತ್ ಸಾಮಾನಿನ ಅಂಗಡಿಯ ಮೇಲಿನ ಅದೇ ಕೋಣೆಯಲ್ಲಿ ನಡೆಯುತ್ತದೆ. ಚಹಾ ಬರುತ್ತದೆ, ಬಿಸ್ಕತ್ತು ಬರುತ್ತದೆ. “ಇನ್ನೇನಾದರೂ ವಿಷಯ?” ಎಂದು ನಾನು ಕೇಳಿದೊಡನೆ ಎಲ್ಲರಿಗೂ ತಮ್ಮ ತಮ್ಮ ಬಟ್ಟಲಿನ ತಳದಲ್ಲಿ ಏನೋ ಕಾಣತೊಡಗುತ್ತದೆ. ಫ್ಯಾನು ಕೀರಲಿಡುತ್ತದೆ. ಅದು ಕೀರಲಿಡಲು ಶುರುಮಾಡಿ ಎಷ್ಟು ಕಾಲವಾಯಿತೋ, ಯಾರೂ ಸೊಲ್ಲೆತ್ತುವುದಿಲ್ಲ. ಎತ್ತಿದವರು ಏಣಿ ಹತ್ತಬೇಕಲ್ಲ! ಹೊಸದಾಗಿ ಸೇರಿದ ಬ್ಯಾಂಕಿನ ಗುಮಾಸ್ತರೊಬ್ಬರು ಪಾಪ, ತಿಳಿಯದೆ, “ಈ ಕಿಟಕಿ ಮುಚ್ಚೋಕೆ ಬರಲ್ವಾ?” ಎಂದು ಕೇಳಿಬಿಟ್ಟರು. ಔಷಧಿ ಅಂಗಡಿಯವರು ಅವರ ಕಡೆ ತಿರುಗಿ ನೋಡಿದ ನೋಟದಲ್ಲಿ ಎಷ್ಟು ಕರುಣೆ ಇತ್ತೆಂದರೆ ನನಗೇ ಕಣ್ಣು ತುಂಬಿತು. ಗುಮಾಸ್ತರು ಮುಂದಿನ ಸಭೆಗೆ ಬಡಗಿಯನ್ನು ಕರೆತಂದರು. ಅದರ ಮುಂದಿನ ಸಭೆಗೆ ಅವರೇ ಬರಲಿಲ್ಲ.

ಹಾಗಾಗಿ ಎಲ್ಲವೂ ನನ್ನ ತಲೆಯ ಮೇಲೆ. ಉಣ್ಣಲು ಕೂತರೆ ಫೋನು. ಯಾರದೋ ಮನೆಯ ಮಂಚ ಬಾಗಿಲಲ್ಲಿ ಸಿಕ್ಕಿಕೊಂಡಿದೆ, ಯಾರದೋ ವೀಲ್‌ಚೇರಿನ ಗಾಲಿ ಓಡುತ್ತಿಲ್ಲ. ವಾಕರುಗಳು ವಾಪಸು ಬರುವಾಗ ಬುಡದ ರಬ್ಬರು ಇರುವುದಿಲ್ಲ. ಅದನ್ನು ಜನ ಏನು ಮಾಡುತ್ತಾರೆ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಸತ್ತವರ ಮನೆಯಿಂದ ಸಾಮಾನು ಕೇಳಿ ತರುವುದಂತೂ ನನಗೆ ಇನ್ನೂ ಅಭ್ಯಾಸವಾಗಿಲ್ಲ. ಹೋದ ತಿಂಗಳು ಒಬ್ಬ ಯಜಮಾನರ ಮನೆಗೆ ಮಂಚ ಕೇಳಲು ಹೋಗಿದ್ದೆ. ಹೆಂಡತಿ ತೀರಿಕೊಂಡ ಮೇಲೆ ಅವರೇ ಅದರ ಮೇಲೆ ಮಲಗುತ್ತಿದ್ದಾರೆ. “ಹಾಸಿಗೆ ಆಕಡೆ ಸ್ವಲ್ಪ ತಗ್ಗಿದೆ, ನಾನು ಈಕಡೆ ಮಲಗ್ತೀನಮ್ಮಾ” ಎಂದರು. ಮಂಚದ ಮಾತೆತ್ತದೆ, ಚಹಾ ಕುಡಿದು ಎದ್ದು ಬಂದೆ. ಮೆಟ್ಟಿಲಿಳಿಯುವಾಗ ಮೊಣಕಾಲು ನೋವಿಗೆ ಅಲ್ಲೇ ಕೂತುಬಿಟ್ಟೆ. ಸಾಕಪ್ಪಾ ಸಾಕು ಎನ್ನಿಸಿತು. ಕ್ಲಬ್ಬನ್ನೇ ಮುಚ್ಚಿಬಿಡೋಣ ಎಂದು ತೀರ್ಮಾನಿಸಿದ್ದು ಅಲ್ಲಿ, ಆ ಮೆಟ್ಟಿಲ ಮೇಲೆ.

ಅದರ ಬೆನ್ನಿಗೇ ನಿಮ್ಮ ಮಗಳ ಫೋನು ಬಂತು. ನನ್ನ ನಿರ್ಧಾರ ಗಟ್ಟಿಯಾಯಿತು. ಕ್ಲಬ್ಬೇ ಇಲ್ಲವೆಂದ ಮೇಲೆ ಸದಸ್ಯರೂ ಇಲ್ಲ, ಕೊನೆಗೆ ಎನ್ನುವುದೂ ಇಲ್ಲ, ನಿಮ್ಮ ವಾಕರನ್ನು ನಿಮ್ಮ ಬಾಗಿಲಿಗೆ ತಂದು ನಿಲ್ಲಿಸಬಹುದು. ನಿಮಗಾಗಿ ಮುಚ್ಚುತ್ತಿದ್ದೇನೆ ಎಂದುಕೊಂಡರೆ ಮನಸ್ಸಿಗೆ ಹಿತವಾಗುತ್ತಿತ್ತು. ನಿಜ ಹೇಳಬೇಕೆಂದರೆ ಮುಕ್ಕಾಲು ಪಾಲು ನನಗಾಗಿಯೇ.

ಹೋದ ಭಾನುವಾರದ ಸಭೆಯಲ್ಲಿ ಎದ್ದು ನಿಂತು ಹೇಳಿಯೇಬಿಟ್ಟೆ: “ಕ್ಲಬ್ಬನ್ನ ಮುಚ್ಚಬೇಕು ಅಂತ ನನ್ನ ಪ್ರಸ್ತಾಪ. ಎಲ್ಲರ ಮನೆಯಿಂದ ಸಾಮಾನು ವಾಪಸು ತರೋ ಕೆಲಸ ನಂದೇ. ಅನುಮೋದಿಸೋರು ಒಬ್ಬರು ಬೇಕು.” ಎಲ್ಲರ ಮುಖವೂ ಅರಳಿತು, ಅಕ್ಕಾ, ಸುಳ್ಳು ಹೇಳುವುದಿಲ್ಲ. ಎಲ್ಲರಿಗೂ ಅದೇ ಬೇಕಾಗಿತ್ತು. ಆದರೆ ಅನುಮೋದಿಸಿದವರು ಅರ್ಧ ಕೆಲಸಕ್ಕೆ ಕೈ ಕೊಡಬೇಕು ಎಂಬುದನ್ನೂ ನೀವೇ ಸೇರಿಸಿ ಹೋಗಿದ್ದೀರಲ್ಲ. ಔಷಧಿ ಅಂಗಡಿಯವರು ಚಪ್ಪಲಿ ಸರಿಮಾಡಿಕೊಂಡರು. ನಮ್ಮ ಮೈಕ್, ಸಮಾರಂಭಗಳಿಗೆ ಧ್ವನಿವರ್ಧಕ ಬಾಡಿಗೆಗೆ ಕೊಡುವವನು, ಊರಿಗೆಲ್ಲ ದನಿ ಕೊಟ್ಟು ಸಭೆಯಲ್ಲಿ ಉಸಿರೆತ್ತದವನು, ಫ್ಯಾನನ್ನೇ ನೋಡುತ್ತ ಕೂತ. ಅನುಮೋದಿಸುವವರಿಲ್ಲದೆ ಪ್ರಸ್ತಾಪ ಬಿದ್ದುಹೋಯಿತು. ನೀವು ಕಟ್ಟಿದ ಈ ಕ್ಲಬ್ಬನ್ನು ನಡೆಸುವವರೂ ಇಲ್ಲ, ಮುಚ್ಚುವವರೂ ಇಲ್ಲ. ನಾನು ಕೂತುಬಿಟ್ಟೆ. ಅಷ್ಟು ಸುಸ್ತು ನನಗೆ ಅಮ್ಮ ಹೋದ ದಿನವೂ ಆಗಿರಲಿಲ್ಲ.

ಹಾಗೆ ಕೂತವಳ ಎದುರಿಗೆ, ಗೋಡೆಗೆ ಒರಗಿ, ಪ್ಲಾಸ್ಟಿಕ್ ಹೊದ್ದುಕೊಂಡು ನಿಮ್ಮ ವಾಕರ್ ನಿಂತಿತ್ತು. ಅದನ್ನೇ ನೋಡುತ್ತಿದ್ದೆ. ನೋಡುತ್ತ ನೋಡುತ್ತ ಒಂದು ವಿಷಯ ಹೊಳೆಯಿತು. ಇಷ್ಟು ಸಣ್ಣ ವಿಷಯ ನಮ್ಮಿಬ್ಬರಿಗೂ ಇಷ್ಟು ವರ್ಷ ಏಕೆ ಹೊಳೆಯಲಿಲ್ಲವೋ! ಮತ್ತೆ ಎದ್ದು ನಿಂತೆ. ವಾಕರ್ ಕಳಿಸಿದ ಪುಣ್ಯಾತ್ಮರು ಯಾರು, ಅವರು ಈಗ ಏನು ಹಿಡಿದು ನಡೆಯುತ್ತಿದ್ದಾರೆ ಎಂದು ಮೊದಲು ಹೇಳಿದೆ. ಆಮೇಲೆ ಪ್ರಸ್ತಾಪ ಮಂಡಿಸಿದೆ.

ಈಗ ತೀರ್ಮಾನ ಕೇಳಿ. ಈ ಕ್ಲಬ್ಬಿನ ಸ್ಥಾಪಕರೂ ಆಜೀವ ಸದಸ್ಯರೂ ಆದ ನಿಮ್ಮನ್ನು ಸದಸ್ಯತ್ವದಿಂದ ತೆಗೆದುಹಾಕಲಾಗಿದೆ.

ನನ್ನ ಮಾತು ಮುಗಿಯುವುದರೊಳಗೆ ಮೈಕ್ ಎದ್ದು ನಿಂತಿದ್ದ. “ನಾನು ಅನುಮೋದಿಸ್ತೀನಿ. ಅರ್ಧ ಕೆಲಸ ನಂದು. ನನ್ನ ವ್ಯಾನಲ್ಲೇ ತಗೊಂಡು ಹೋಗೋಣ” ಎಂದ. ಅವನ ದನಿ ಹೇಗಿದೆ ಎಂಬುದೇ ನಮಗೆ ಮರೆತುಹೋಗಿತ್ತು. ಎಲ್ಲ ಕೈಗಳೂ ಮೇಲೆದ್ದವು. ಔಷಧಿ ಅಂಗಡಿಯವರು ಎರಡೂ ಕೈ ಎತ್ತಿದರು, ಒಂದನ್ನು ಇಳಿಸಿ ಎಂದು ನಾನೇ ಹೇಳಬೇಕಾಯಿತು. “ಕಟ್ಟಿದೋರನ್ನೇ ಹೊರಗೆ ಹಾಕಿದ್ದನ್ನ ನಾನು ಎಲ್ಲೂ ನೋಡಿಲ್ಲ” ಎಂದರು, ಕನ್ನಡಕ ಒರೆಸಿಕೊಳ್ಳುತ್ತ. ಇಷ್ಟು ವರ್ಷಗಳಲ್ಲಿ ನಮ್ಮ ಕ್ಲಬ್ಬು ಒಮ್ಮನಸ್ಸಿನಿಂದ ಮಾಡಿದ ಕೆಲಸ ಇದೊಂದೇ ಇರಬೇಕು.

ಆದ್ದರಿಂದ ಅಕ್ಕಾ, ನೀವೀಗ ಹೊರಗಿನವರು. ಬೇರೆ ಎಲ್ಲರ ಹಾಗೆ ಕಾಲು ನೋವಿರುವ ಒಬ್ಬ ಹೆಂಗಸು. ನಿಮಗಿಂತ ಮುಂಚೆ ವಾಕರ್ ಕೇಳಿದವರು ಸದ್ಯಕ್ಕೆ ಯಾರೂ ಇಲ್ಲ, ಇದ್ದಿದ್ದರೆ ನಿಯಮ ಮುರಿಯುತ್ತಿರಲಿಲ್ಲ, ಅಷ್ಟು ನಂಬಿಕೆ ಇಡಿ. ನೀವು ಕೇಳಿಲ್ಲ ಎನ್ನಬೇಡಿ, ನಿಮ್ಮ ಪರವಾಗಿ ನಿಮ್ಮ ಮಗಳು ಕೇಳಿದ್ದಾಳೆ. ಆಕ್ಷೇಪವಿದ್ದರೆ ಸಭೆಗೆ ಬಂದು ಹೇಳುವ ಹಾಗೂ ಇಲ್ಲ, ಸಭೆ ಸದಸ್ಯರಿಗೆ ಮಾತ್ರ.

ಒಂದೇ ಒಂದು ಮಾತು ಉಳಿದಿದೆ. ಅಮ್ಮನಿಗೆ ಮಂಚ ಬೇಕಾದ ಆ ದಿನ ನಾನು ಕ್ಲಬ್ ಬಿಟ್ಟಿದ್ದರೆ ಸಾಕಿತ್ತು. ಮೊದಲು ಕೇಳಿದವಳು ನಾನೇ ಆದ್ದರಿಂದ ಮಂಚ ನಮ್ಮ ಮನೆಗೆ ಬರುತ್ತಿತ್ತು. ಇಟ್ಟಿಗೆಗಳನ್ನು ನೀವು ತೊಳೆದು ಒರೆಸಿ ಆ ಡ್ರೈವರನ ಮನೆಗೆ ಒಯ್ಯುತ್ತಿದ್ದಿರಿ. ಇದು ಅಂದು ನನಗೂ ಹೊಳೆಯಲಿಲ್ಲ, ನಿಮಗೂ ಹೊಳೆಯಲಿಲ್ಲ. ನಿಮಗೆ ಹೊಳೆದೂ ಹೇಳಲಿಲ್ಲವೇನೋ ಎಂದು ಒಂದು ಗಳಿಗೆ ಅನ್ನಿಸಿತ್ತು. ಆಮೇಲೆ ನೀವು ಪ್ಲಾಸ್ಟಿಕ್ ಕುರ್ಚಿ ತಳ್ಳುತ್ತಿರುವುದು ನೆನಪಾಯಿತು. ನಿಮಗೆ ನಿಮ್ಮ ಕಾಲಿಗೇ ಹೊಳೆಯದ್ದು ನನ್ನ ಅಮ್ಮನಿಗೆ ಹೇಗೆ ಹೊಳೆದೀತು? ಆ ಉರಿಯನ್ನು ಇಲ್ಲಿಗೆ ಬಿಟ್ಟೆ, ಅಕ್ಕಾ. ಅದನ್ನು ಹೊರಲೂ ಈಗ ನನ್ನಲ್ಲಿ ತ್ರಾಣವಿಲ್ಲ.

ಹೇಳಿದವರೇ ಮಾಡಬೇಕು ತಾನೆ? ಬರುವ ಭಾನುವಾರ ಮೈಕಿನ ವ್ಯಾನಿನಲ್ಲಿ ವಾಕರ್ ಹಿಡಿದುಕೊಂಡು ನಾನೇ ಬರುತ್ತೇನೆ. ಕ್ಲಬ್ಬಿನ ಸುದ್ದಿ ಎತ್ತಬೇಡಿ, ಹೊರಗಿನವರ ಜೊತೆ ನಾವು ಅದನ್ನೆಲ್ಲ ಮಾತಾಡುವುದಿಲ್ಲ. ನಿಮ್ಮ ಮಂಚದ ತುದಿಯಲ್ಲಿ ಕಾಲು ನೀಡಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ. ನನಗೆ ಬೇಕಾಗಿರುವುದು ಅಷ್ಟೇ. ಬಾಗಿಲು ತೆಗೆಯಲು ನೀವು ಏಳಬೇಡಿ, ಮಗಳು ತೆಗೆಯಲಿ.

ನಿಮ್ಮ ಕಾಲು ಬೇಗ ನೆಲಕ್ಕೂರಲಿ, ನನ್ನ ಅರ್ಧ ಮಾತುಗಳನ್ನು ಮುಗಿಸಲು ನೀವು ಬಹುಕಾಲ ಇರಿ.

ಇನ್ನು ನಿಮ್ಮ ಅಧ್ಯಕ್ಷೆಯಲ್ಲದ,
ಬರೀ ನಿಮ್ಮ ಓರಗಿತ್ತಿ